ಡೇರೆಯ ಹೊಸ್ತಿಲು

ನಮ್ಮ ಮನೆಗೆ ಬಂದವರಿಗೆ ನಾನು ಮೊದಲು ಹೇಳುವ ಮಾತು 'ಬನ್ನಿ' ಎಂದಲ್ಲ, 'ಕಾಲು ನೋಡಿಕೊಳ್ಳಿ' ಎಂದು. ಹೊನ್ನಾವರ ಪೇಟೆಯಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ ನಮ್ಮದು. ಕಟ್ಟಿದವರು ಬಾಗಿಲಿಗೆ ಮೂರು ಕಡೆ ಚೌಕಟ್ಟು ಇಟ್ಟು ಕೆಳಗಿನದನ್ನು ಬಿಟ್ಟಿದ್ದಾರೆ. ಈಗ ಎಲ್ಲ ಕಡೆಯೂ ಹಾಗೇ, ಗುಡಿಸಿ ಒರೆಸಲಿಕ್ಕೆ ಸಲೀಸು. ಅಂಥ ಬಾಗಿಲಿನ ಹೊರಗೆ, ಮೆಟ್ಟಿಲು ಹತ್ತಿ ಬಂದವರ ಕಾಲಿಗೆ ಸರಿಯಾಗಿ ಸಿಗುವ ಹಾಗೆ, ಹಲಸಿನ ಮರದ ಒಂದು ಹಳೆಯ ಹೊಸ್ತಿಲು ಅಡ್ಡ ಮಲಗಿದೆ. ಬಾಗಿಲಿಗಿಂತ ಅದೇ ಉದ್ದ. ಯಾವುದಕ್ಕೂ ಜೋಡಿಸಿದ್ದಲ್ಲ, ಸುಮ್ಮನೆ ತಂದು ಇಟ್ಟದ್ದು.

ಹಾಲು ತರುವವನು ಎಡವಿದ್ದಾನೆ. ಕೊರಿಯರಿನವನು ಒಮ್ಮೆ ಎಡವಿದ ಮೇಲೆ ನಮ್ಮ ಪಾರ್ಸೆಲ್ಲನ್ನು ಕೆಳಗಿನ ಮನೆಯಲ್ಲೇ ಕೊಟ್ಟು ಹೋಗುತ್ತಾನೆ. ಆದರೆ ಎಲ್ಲರಿಗಿಂತ ಹೆಚ್ಚು ಎಡವಿದವನು ನಾನೇ. ಇವತ್ತು ಬೆಳಿಗ್ಗೆಯೂ ಪೇಪರು ಎತ್ತಿಕೊಂಡು, ಮೊದಲ ಪುಟ ಓದುತ್ತಲೇ ಒಳಗೆ ಬರಲು ಹೋಗಿ ಬಲಗಾಲಿನ ಹೆಬ್ಬೆರಳನ್ನು ಜಜ್ಜಿಕೊಂಡೆ. ಕಣ್ಣಲ್ಲಿ ನೀರೇ ಬಂತು. ಪೇಪರನ್ನು ಬದಿಗಿಟ್ಟು ಮೆಟ್ಟಿಲ ಮೇಲೆ ಕುಳಿತು ಬೆರಳು ತಿಕ್ಕಿಕೊಳ್ಳುತ್ತಿದ್ದೇನೆ. ಕೂತದ್ದು ಕೂತಾಯಿತು, ನೋವು ಇಳಿಯುವ ತನಕ ಈ ಹೊಸ್ತಿಲು ಇಲ್ಲಿಗೆ ಬಂದ ಕತೆಯನ್ನಾದರೂ ಹೇಳುತ್ತೇನೆ. ಅದು ಶುರುವಾದದ್ದು ಒಂದು ಡೇರೆಯಲ್ಲಿ.

ಡೇರೆ ಎಂದ ಕೂಡಲೇ ನನ್ನ ತಲೆಯೊಳಗೆ ಚಂಡೆ ಕೇಳಿಸುತ್ತದೆ. ನಾನು ಹುಡುಗನಾಗಿದ್ದಾಗ ಡೇರೆ ಎಂದರೆ ಯಕ್ಷಗಾನ ಮೇಳದ ಡೇರೆ, ಅದಕ್ಕೆ ಬೇರೆ ಅರ್ಥವೇ ಇರಲಿಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ ಡೇರೆ ಏಳುತ್ತಿತ್ತು. ಮುಂದೆ ಕುರ್ಚಿ, ಹಿಂದೆ ನೆಲ. ನೆಲದವರ ಪೈಕಿ ನಾನು ಮತ್ತು ನನ್ನ ಅಕ್ಕ ಸಾವಿತ್ರಿ. ರಾಕ್ಷಸನ ವೇಷ ನೋಡಬೇಕೆಂದೇ ಹಟ ಮಾಡಿ ಹೋಗುವುದು, ವೇಷ ಬರುವ ಮೊದಲೇ ಅಕ್ಕನ ತೊಡೆಯ ಮೇಲೆ ನಿದ್ದೆ ಹೋಗುವುದು, ಇದು ನನ್ನ ಪದ್ಧತಿ. ಮನೆಗೆ ಮರಳುವ ದಾರಿಯಲ್ಲಿ ಅಕ್ಕ ಹೇಳಿದ್ದನ್ನು ಕೇಳಿಕೊಂಡು ಶಾಲೆಯಲ್ಲಿ ಆ ರಾಕ್ಷಸನ ಅಬ್ಬರವನ್ನು ಎಲ್ಲರಿಗಿಂತ ಚೆನ್ನಾಗಿ ನಾನೇ ಮಾಡಿ ತೋರಿಸುತ್ತಿದ್ದೆ. ನಿಜವಾಗಿ ನೋಡಿದ ಹುಡುಗರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು.

ಅಕ್ಕ ಮುಂದೆ ಶಾಲೆಯ ಟೀಚರಾದಳು. ನಮ್ಮೂರು ಮಂಕಿಯವರಿಗೆಲ್ಲ ಅವಳು ಸಾವಿತ್ರಿ ಅಕ್ಕೋರು, ನಮ್ಮ ಕಡೆ ಹೆಣ್ಣು ಟೀಚರನ್ನು ಕರೆಯುವುದೇ ಹಾಗೆ. ಮದುವೆ ಬೇಡವೆಂದಳು, ಬೇಡವೇ ಆಯಿತು. ನಾನು ಬ್ಯಾಂಕಿನ ಕೆಲಸ ಎಂದು ಊರೂರು ತಿರುಗಿದೆ, ಮಂಕಿಯ ಮನೆಯನ್ನು ನಡೆಸಿದವಳು ಅವಳು. ಹೆದ್ದಾರಿಯ ಬದಿಯ ಮನೆ. ಬಸ್ಸು ತಪ್ಪಿದವರೆಲ್ಲ ನಮ್ಮ ನೆಂಟರು. ಬಿಸಿಲಲ್ಲಿ ಯಾರೇ ನಿಂತಿರಲಿ, ಅಕ್ಕ ಬಾಗಿಲಿಗೆ ಬಂದು ಕರೆಯುತ್ತಿದ್ದಳು: "ಒಳಗೆ ಬನ್ನಿ. ಆಸರಿಗೆ ಎಂತ ಬೇಕು?"

ಆಸರಿಗೆ ಎಂದರೆ ಬಾಯಾರಿಕೆಗೆ. ನಮ್ಮ ಕಡೆ ಮನೆಗೆ ಬಂದವರನ್ನು ಕೂರಿಸಿ ಮೊದಲು ಕೇಳುವ ಮಾತು ಅದು. ಹೆಸರು, ಊರು, ಬಂದ ಕೆಲಸ ಎಲ್ಲ ಆಮೇಲೆ. ಚಾ ಆಗಬಹುದು, ಮಜ್ಜಿಗೆ ಆಗಬಹುದು. ಏನೂ ಬೇಡ ಎಂದವರಿಗೂ ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ ಬಂದೇ ಬರುತ್ತದೆ. ಹಾಗೆ ನೀರು ಬೆಲ್ಲ ಕುಡಿದು ಹೋದವರು ಕುಮಟೆಯಲ್ಲೋ ಭಟ್ಕಳದಲ್ಲೋ ಸಿಕ್ಕಿ "ಅಕ್ಕೋರು ಆರಾಮ?" ಎಂದು ಕೇಳುತ್ತಿದ್ದರು. ಅವರು ಯಾರು ಎಂದು ನನಗೂ ಗೊತ್ತಿಲ್ಲ, ಬಹುಶಃ ಅಕ್ಕನಿಗೂ ಗೊತ್ತಿರಲಿಲ್ಲ.

ಆಮೇಲೆ ರಸ್ತೆ ಅಗಲವಾಯಿತು. ಅಳೆದವರು ಹಾಕಿದ ಗುರುತು ನಮ್ಮ ಜಗುಲಿ ದಾಟಿ ನಡುಮನೆಯವರೆಗೆ ಬಂದಿತ್ತು. ಮುಂದಿನ ಅರ್ಧ ಹೋದ ಮೇಲೆ ಹಿಂದಿನ ಅರ್ಧ ನಿಲ್ಲುವ ಹಾಗಿರಲಿಲ್ಲ. ಆಚಾರಿ ಬಂದು ಕಿಟಕಿ ಬಾಗಿಲು ಬಿಚ್ಚಿದ. ಹಳೆಯ ಮರ ಕೊಳ್ಳುವವರು ಎಲ್ಲವನ್ನೂ ಒಯ್ದರು. ಹೊಸ್ತಿಲನ್ನು ಮಾತ್ರ ಅಕ್ಕ ಕೊಡಲಿಲ್ಲ. ಹಳೆಯ ಜಮಖಾನೆಯಲ್ಲಿ ಸುತ್ತಿ ನನ್ನ ಕಾರಿನೊಳಗೆ ಓರೆಯಾಗಿ ತುರುಕಿಸಿ, ಅದರ ಒಂದು ತುದಿಯನ್ನು ತೊಡೆಯ ಮೇಲಿಟ್ಟುಕೊಂಡು ಹೊನ್ನಾವರದವರೆಗೆ ಬಂದಳು. ಬಂದವಳು ಅದನ್ನು ತನ್ನ ಮಂಚದ ಕೆಳಗೆ ಸರಿಸಿದಳು. ಅದರ ಮಾತೇ ಆಡಲಿಲ್ಲ.

ಆ ಹೊಸ್ತಿಲಿಗೂ ನನಗೂ ಹಳೆಯ ಲೆಕ್ಕವಿದೆ. ಅಂಬೆಗಾಲಿನಲ್ಲಿ ಅದನ್ನು ದಾಟುವಾಗ ನಾನು ನಡುವೆಯೇ ಹೊಟ್ಟೆ ಅಡಿಯಾಗಿ ಬಿದ್ದು, ತಲೆ ಜಗುಲಿಯಲ್ಲಿ, ಕಾಲು ಒಳಗೆ, ಹಾಗೇ ನಿದ್ದೆ ಹೋಗಿದ್ದೆನಂತೆ. ಮಗು ಹೊಸ್ತಿಲು ದಾಟಿತೆಂದು ಬೆಲ್ಲ ಕಾಯಿ ಹಂಚಬೇಕೋ ಬೇಡವೋ ಎಂದು ಮನೆಯವರಿಗೆ ತಿಳಿಯಲಿಲ್ಲವಂತೆ. 'ಇಂವ ಒಳಗೂ ಇಲ್ಲೆ, ಹೊರಗೂ ಇಲ್ಲೆ' ಎಂದು ಅಕ್ಕ ಆಗ ಆಡಿದ ಮಾತು ನನಗೆ ಬಿರುದಾಗಿ ಉಳಿಯಿತು. ಬ್ಯಾಂಕಿನಲ್ಲಿ ಯೂನಿಯನ್ನಿನವರೂ ಮ್ಯಾನೇಜರೂ ಬೇರೆ ಬೇರೆಯಾಗಿ ನನ್ನ ಬಗ್ಗೆ ಇದನ್ನೇ ಹೇಳಿದರು.

ನಮ್ಮ ಮನೆಗೆ ಬಂದ ಅಕ್ಕ ನೆಂಟಳಾಗಿಯೇ ಉಳಿದುಬಿಟ್ಟಳು. ಟ್ರಂಕು ಬಿಚ್ಚಲಿಲ್ಲ. ಎರಡು ಸೀರೆ ಚೀಲದಲ್ಲಿ, ಅದರಲ್ಲೇ ಒಂದು ಬೆಲ್ಲದ ಡಬ್ಬಿ. ಬೆಲ್ಲ ಮಂಕಿ ಮನೆಯದು, ಅದನ್ನೂ ತೆಗೆಯಲಿಲ್ಲ. ಬಾಗಿಲ ಕರೆಗಂಟೆ ಬಾರಿಸಿದರೆ ಎದ್ದು ತನ್ನ ಕೋಣೆಗೆ ಹೋಗುವಳು, ಬಂದವರು ನಮ್ಮ ನೆಂಟರು, ತನ್ನವರಲ್ಲ ಎಂಬಂತೆ. ಮಾತು ಬಂದರೆ 'ನಿಮ್ಮ ಮನೆ' ಎನ್ನುವಳು. ಎಲ್ಲಕ್ಕಿಂತ ಸಂಕಟವೆಂದರೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಹೆಂಡತಿ ಶೈಲಾಳನ್ನು ಕೇಳುವಳು: "ಒಂದು ಲೋಟ ನೀರು ಕುಡಿಲಕ್ಕಾ?"

ಊರಿಗೆಲ್ಲ ಆಸರಿಗೆ ಕೊಟ್ಟವಳು! ಶೈಲಾ ಒಂದು ದಿನ ಕಣ್ಣೊರೆಸಿಕೊಳ್ಳುತ್ತ ನನ್ನ ಹತ್ತಿರ ಬಂದಳು. "ಇವತ್ತೂ ಕೇಳಿಕಂಡೇ ನೀರು ಕುಡೀತು ಅತ್ತಿಗೆ. ನಾನು ಎಂತ ತಪ್ಪು ಮಾಡಿದ್ದೆ, ನೀವಾದ್ರೂ ಹೇಳಿ." ಅವಳ ತಪ್ಪೂ ಅಲ್ಲ, ನನ್ನ ತಪ್ಪೂ ಅಲ್ಲ. ಅಕ್ಕ ಹೀಗೇ, ಚೀಲದ ಬಾಯಿ ಕಟ್ಟಿಟ್ಟುಕೊಂಡು, ಬಸ್ಸಿಗೆ ಕಾಯುವವರ ಹಾಗೆ ಉಳಿದ ಆಯುಷ್ಯವನ್ನು ಕಳೆದುಬಿಡುತ್ತಾಳೋ ಎಂದು ನನಗೆ ಭಯವಾಗುತ್ತಿತ್ತು.

ಕುಮಟೆಯಲ್ಲಿ ಹಲ್ಲಿನ ಡಾಕ್ಟರಾಗಿರುವ ಮಗಳು ಶ್ರುತಿ ಇದಕ್ಕೊಂದು ಉಪಾಯ ಹುಡುಕಿದಳು. "ಅತ್ತೆ ನಮ್ಮನೇಲೂ ನೆಂಟರ ಹಾಂಗೆ ಇರ್ತು. ಹಾಂಗಾದ್ರೆ ಎಲ್ಲರೂ ನೆಂಟರಾಗೋ ಜಾಗಕ್ಕೆ ಕರ್ಕಂಡು ಹೋಗಿ" ಎಂದು ಫೋನಿನಲ್ಲೇ ಕಾಡಿನ ಶಿಬಿರವೊಂದರಲ್ಲಿ ನಮಗೆ ಡೇರೆ ಗೊತ್ತು ಮಾಡಿದಳು. ತಾನು ಮಾತ್ರ ಯಾರದೋ ದವಡೆ ಹಲ್ಲಿನ ನೆಪ ಹೇಳಿ ಬರಲಿಲ್ಲ. ಹೊನ್ನಾವರದಿಂದ ಶರಾವತಿಯ ದಂಡೆ ಹಿಡಿದು ಪೂರ್ವಕ್ಕೆ ಹೋದರೆ ಕಾಡಿನ ಅಂಚಿನಲ್ಲಿದೆ ಆ ಶಿಬಿರ. ಮಳೆಗಾಲ ಕಳೆದು ಚಳಿ ಹಿಡಿಯುತ್ತಿದ್ದ ದಿನ ನಾವು ಮೂವರೂ ಹೊರಟೆವು. ಅಕ್ಕ ಎಂದಿನ ಚೀಲ ಹಿಡಿದೇ ಬಂದಳು. ಬಿಚ್ಚಿಯೇ ಇಲ್ಲದ ಮೇಲೆ ಕಟ್ಟುವ ಕೆಲಸವೂ ಇರಲಿಲ್ಲ.

ನೆಲದಲ್ಲಿ ಚಾಪೆ ಹಾಸಿದ ಡೇರೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದ ನನಗೆ ಕಂಡದ್ದೇ ಬೇರೆ. ಮರದ ಹಲಗೆಯ ಕಟ್ಟೆ, ಅದರ ಮೇಲೆ ದಪ್ಪ ಬಟ್ಟೆಯ ಡೇರೆ. ಒಳಗೆ ಮಂಚ, ಹಾಸಿಗೆ, ರತ್ನಗಂಬಳಿ, ಕನ್ನಡಿ, ನೀರು ಕಾಯಿಸುವ ಕೆಟಲ್, ಹಿಂದುಗಡೆ ಬಚ್ಚಲು. ಉಳಿದ ಡೇರೆಗಳೆಲ್ಲ ಇಬ್ಬರಿಗೆ. ನಾವು ಮೂವರಾದ್ದರಿಂದ ನಮಗೆ ಕೊಟ್ಟದ್ದು ದುಂಡನೆಯ ಒಂದು ದೊಡ್ಡ ಡೇರೆ. ಯರ್ಟ್ ಎಂದು ಬೋರ್ಡು. ಮಂಗೋಲಿಯಾದ ಕುರಿಗಾಹಿಗಳು ಇಂಥದರಲ್ಲಿ ಇರುತ್ತಾರೆಂದು ನಾನು ಫೋನಿನಲ್ಲಿ ಓದಿ ಇಬ್ಬರಿಗೂ ವಿವರಿಸಿದೆ. ವಿವರಿಸುತ್ತಲೇ ಗತ್ತಿನಿಂದ ಹೊರಗಿನ ಕ್ಯಾನ್ವಾಸು ಕುರ್ಚಿಯಲ್ಲಿ ಕೂತೆ. ಅದು ಮಡಚಿಕೊಂಡಿತು, ನನ್ನನ್ನೂ ಒಳಗೆ ಸೇರಿಸಿ. ಶೈಲಾಳೂ ಅಕ್ಕನೂ ಒಂದೊಂದು ಕೈ ಹಿಡಿದು ಎಬ್ಬಿಸಬೇಕಾಯಿತು. ಮಂಗೋಲಿಯಾದ ವಿಷಯವನ್ನು ಆಮೇಲೆ ಯಾರೂ ಕೇಳಲಿಲ್ಲ.

ಅಕ್ಕ ಒಳಗೆ ಹೋಗಿ ಗೋಡೆಗುಂಟ ಒಂದು ಸುತ್ತು ಬಂದಳು. ಇನ್ನೊಂದು ಸುತ್ತು ಬಂದಳು.

"ಇದಕ್ಕೆ ಮೂಲೆಯೇ ಇಲ್ಯಲೋ ತಮಾ."

"ದುಂಡಗಿದ್ದು ಅಕ್ಕಾ, ಮೂಲೆ ಎಲ್ಲಿಂದ ಬರವು?"

"ಹಾಂಗಾದ್ರೆ ಕಸಬರಿಗೆ ಎಲ್ಲಿ ಇಡದು?"

ಈ ಪ್ರಶ್ನೆಗೆ ನನ್ನ ಫೋನಿನಲ್ಲಿ ಉತ್ತರವಿರಲಿಲ್ಲ. ಅಷ್ಟರಲ್ಲಿ ಅವಳು ಬಾಗಿಲಿಗೆ ಬಂದಿದ್ದಳು. ಬಾಗಿಲೆಂದರೆ ಒಂದು ಜಿಪ್. ಮೇಲಿನಿಂದ ಕೆಳಗೆ ಎಳೆದರೆ ಮನೆ ಮುಚ್ಚಿತು. ಅಕ್ಕ ಬಗ್ಗಿ, ಜಿಪ್ಪು ಬಂದು ನಿಲ್ಲುವ ಜಾಗವನ್ನು ಕೈಯಿಂದ ಸವರಿದಳು. ಬರೀ ಹಲಗೆ. ಒಳಗಿನ ನೆಲವೇ ಹೊರಗೂ ಮುಂದುವರಿದಿತ್ತು.

"ಹೊಸ್ತಿಲೂ ಇಲ್ಲೆ" ಎಂದಳು. ಇಷ್ಟು ದಿನದ ಮೇಲೆ ಆ ಶಬ್ದ ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. ನಾನೂ ಶೈಲಾಳೂ ಮುಖ ಮುಖ ನೋಡಿಕೊಂಡೆವು.

ಸಂಜೆಯಾಗುತ್ತ ಬಂತು. ಹೊಳೆಯ ಕಡೆಯಿಂದ ತಣ್ಣನೆ ಗಾಳಿ. ಅಕ್ಕ ಬಹಳ ಹೊತ್ತು ಆ ಹಲಗೆಯನ್ನೇ ನೋಡುತ್ತ ಕೂತಿದ್ದವಳು ಥಟ್ಟನೆ ನನ್ನನ್ನು ಕರೆದಳು. "ಅಡುಗೆ ಮಾಡೋ ಕಡೆ ಹೋಗಿ ಒಂದು ಮುಷ್ಟಿ ಅಕ್ಕಿಹಿಟ್ಟು ಇಸ್ಕಂಡು ಬಾ." ಎಂತಕ್ಕೆ ಎಂದು ಕೇಳುವ ಧೈರ್ಯವಾಗಲಿಲ್ಲ. ಶಾಲೆಯ ಹುಡುಗನಂತೆ ಓಡಿಹೋಗಿ ತಂದುಕೊಟ್ಟೆ.

ಮಂಕಿಯಲ್ಲಿ ದಿನಾ ಬೆಳಿಗ್ಗೆ ಹೊಸ್ತಿಲಿಗೆ ರಂಗೋಲಿ ಹಾಕಿ ಅರಿಸಿನ ಕುಂಕುಮ ಇಡುವವಳು ಅವಳೇ. ಮನೆ ಹೋದ ದಿನದಿಂದ ಬೆರಳು ಹಿಟ್ಟು ಮುಟ್ಟಿರಲಿಲ್ಲ. ಈಗ ಹಲಗೆಯನ್ನು ಸೆರಗಿನಿಂದ ಒರೆಸಿ, ಜಿಪ್ಪಿನ ಅಡಿಗೆ ಈ ತುದಿಯಿಂದ ಆ ತುದಿಗೆ ಎರಡು ಗೆರೆ ಎಳೆದಳು. ಮೊದಲ ಗೆರೆ ಸೊಟ್ಟಗಾಯಿತು, ಎರಡನೆಯದು ನೆಟ್ಟಗೆ ಬಂತು. ನಡುವೆ ಎಳೆಯ ಸುತ್ತು, ಎರಡೂ ಕಡೆ ಒಂದೊಂದು ತಾವರೆ. ಶೈಲಾ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಇದು ಡೇರೆ ಅತ್ತಿಗೆ, ನಾಳೆ ಬಿಟ್ಟು ಹೋಗುವುದು ಎಂದು ಹೇಳಬಹುದಿತ್ತು. ಹೇಳಲಿಲ್ಲ, ಪುಣ್ಯಾತಗಿತ್ತಿ.

ಆಗಲೇ ಶಿಬಿರದ ಮ್ಯಾನೇಜರು ಬಂದದ್ದು. ನಾಗವೇಣಿ ಎಂದು ಹೆಸರು, ಹಿರೇಗುತ್ತಿಯವಳು, ಪ್ಯಾಂಟು ಶರ್ಟು ಬೂಟು ಹಾಕಿದ ಚುರುಕಿನ ಹೆಂಗಸು. ಮಧ್ಯಾಹ್ನದಿಂದ ಬೂಟು ಹಾಕಿಕೊಂಡೇ ಸರಸರ ಒಳಗೆ ಬಂದು ಲೈಟು ತೋರಿಸಿ, ಟವೆಲ್ ಇಟ್ಟು ಹೋಗುತ್ತಿದ್ದಳು. ಈಗ ಊಟದ ಹೊತ್ತು ಹೇಳಲು ಬಂದವಳು ಬಿಳಿಯ ಗೆರೆ ಕಂಡು ಗಕ್ಕನೆ ನಿಂತಳು. ಬೋರ್ಡಿನಲ್ಲಿ ಬರೆದ ನಿಯಮಗಳಲ್ಲಿ ಯಾವುದನ್ನು ಹೇಳುತ್ತಾಳೋ ಎಂದು ನಾನು ಕಾದೆ. ಬಗ್ಗಿ ಬೂಟು ಬಿಚ್ಚಿಟ್ಟಳು.

ಅಷ್ಟೇ ಸಾಕಾಯಿತು. ಅಕ್ಕ ಎದ್ದು ನಿಂತಳು. "ಒಳಗೆ ಬಾ ತಂಗಿ, ಹೊರಗೇ ನಿಂತ್ಕಂಡ್ರೆ ಹ್ಯಾಂಗೆ? ಆಸರಿಗೆ ಎಂತ ಬೇಕು?"

ನಾಗವೇಣಿ ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದಳು. ಡೇರೆ ಅವಳ ಸುಪರ್ದಿನದು, ಕೆಟಲ್ ಅವಳದು, ಲೋಟಗಳನ್ನು ತೊಳೆಸಿ ಇಟ್ಟವಳು ಅವಳು. ನೆಂಟರನ್ನು ವಿಚಾರಿಸಲು ಬಂದವಳನ್ನೇ ನೆಂಟಳಾಗಿ ಮಾಡಿಬಿಟ್ಟಿದ್ದಳು ಅಕ್ಕ. "ಎಂತದೂ ಬೇಡ ಅಮ್ಮ, ನಂಗೆ ಮತ್ತೂ ನಾಕ್ ಡೇರೆಗೆ ಹೋಗೂದದೆ" ಎಂದಳು. ಬೇಡ ಎಂದವರಿಗೆ ನೀರು ಬೆಲ್ಲ ಬಂದೇ ಬರುತ್ತದೆ ಎಂದು ಆಗಲೇ ಹೇಳಿದೆನಲ್ಲ. ಅಕ್ಕ ಚೀಲದ ಬಾಯಿ ಬಿಚ್ಚಿದಳು. ಸೀರೆಗಳನ್ನು ತೆಗೆದು ಮಂಚದ ಮೇಲಿಟ್ಟಳು. ತಳದಲ್ಲಿದ್ದ ಬೆಲ್ಲದ ಡಬ್ಬಿ ತೆಗೆದಳು. ಮುಚ್ಚಳ ಗಟ್ಟಿಯಾಗಿ ಕೂತಿತ್ತು, ನಾನು ತೆಗೆದುಕೊಡಲು ಹೋದರೆ ಕೊಡಲಿಲ್ಲ, ತಾನೇ ತಿರುಚಿ ತೆಗೆದಳು.

ನಾಗವೇಣಿ ಗೆರೆಯನ್ನು ದಾಟಿ ಬಂದು ಮಂಚದ ತುದಿಯಲ್ಲಿ ಕೂತಳು. ಬೆಲ್ಲ ಕಚ್ಚಿ ನೀರು ಕುಡಿದಳು. ತಾಯಿಮನೆ ಯಾವುದು, ಮಕ್ಕಳೆಷ್ಟು, ಗದ್ದೆಯಲ್ಲಿ ಈ ಸಲ ಏನು ಹಾಕಿದ್ದೀರಿ, ಅಕ್ಕ ಕೇಳಿದಳು, ಅವಳು ಹೇಳಿದಳು. ಉಳಿದ ನಾಲ್ಕು ಡೇರೆಗಳು ಕಾದವು. ಶೈಲಾ ಗೋಡೆಯ ಕಡೆ ತಿರುಗಿ ಏನನ್ನೋ ಹುಡುಕುವವಳ ಹಾಗೆ ನಿಂತಿದ್ದಳು. ಅಕ್ಕನ ಹಳೆಯ ದನಿಯನ್ನು ನಾನು ಮತ್ತೆ ಕೇಳುತ್ತೇನೆಂದು ಅಂದುಕೊಂಡಿರಲಿಲ್ಲ.

ಬೆಳಿಗ್ಗೆ ಎಲ್ಲರೂ ಎದ್ದದ್ದು ನನ್ನ ಕೂಗಿಗೆ. ಇರುವೆಗಳು! ಅಕ್ಕಿಹಿಟ್ಟಿನ ರಂಗೋಲಿಯ ಉದ್ದೇಶವೇ ಇರುವೆಗೆ ನಾಲ್ಕು ಕಾಳು ಸಿಗಲಿ ಎಂದು. ಮಂಕಿಯ ಇರುವೆಗಳು ಹೊಸ್ತಿಲಲ್ಲೇ ತಿಂದು ಮರ್ಯಾದೆಯಿಂದ ಹಿಂದೆ ಹೋಗುತ್ತಿದ್ದವು. ಕಾಡಿನ ಇರುವೆಗಳಿಗೆ ಆ ಸಂಕೋಚವಿರಲಿಲ್ಲ. ಹಿಟ್ಟು ಮುಗಿಸಿ, ಸಾಲುಗಟ್ಟಿ ಒಳಗೆ ನಡೆದು, ಬೆಲ್ಲದ ಡಬ್ಬಿಯನ್ನು ಹೊಕ್ಕು, ಅಲ್ಲಿಂದ ನನ್ನ ದಿಂಬಿನ ಕಡೆ ತಿರುಗಿದ್ದವು. ದಿಂಬಿನ ಅಡಿಯಲ್ಲಿ ನಾನು ಕಾಗದದಲ್ಲಿ ಸುತ್ತಿಟ್ಟ ತೊಡದೇವು ಇತ್ತು. ಸಕ್ಕರೆ ಕಾಯಿಲೆಯವರು ಕಬ್ಬಿನ ಹಾಲಿನಲ್ಲಿ ಮಾಡಿದ ಸಿಹಿಯನ್ನು ಎಲ್ಲಿಡುತ್ತಾರೆ? ಹೆಂಡತಿಗೆ ಕಾಣದ ಜಾಗದಲ್ಲಿ. ಅದು ಇರುವೆಗೆ ಕಂಡಿತು, ಇರುವೆಯಿಂದ ಹೆಂಡತಿಗೂ ಕಂಡಿತು.

ನಾಗವೇಣಿ ಬಂದು ನೋಡಿ ಹಣೆ ಬಡಿದುಕೊಂಡಳು. "ಅಯ್ಯೋ ಸರ್, ಒಳಗೆ ತಿಂಡಿ ಇಡ್ಬೇಡಿ ಹೇಳಿ ಬೋರ್ಡ್ ಹಾಕದ್ದು ಕಾಣ್ಲಿಲ್ವಾ? ಅದೂ ದಿಂಬಿನ ಕೆಳಗೆ!" ಬೈಗುಳವೆಲ್ಲ ನನಗೇ. ರಂಗೋಲಿಯ ಸುದ್ದಿಗೆ ಅವಳು ಹೋಗಲೇ ಇಲ್ಲ. ಕಸಬರಿಗೆ ತಂದಳು. ಗುಡಿಸಿದ ಮೇಲೆ ಅದನ್ನು ಇಡಲು ಆಚೆ ಈಚೆ ನೋಡಿದಳು. ಅಕ್ಕ ನನ್ನ ಕಡೆ ತಿರುಗಿ, "ನೋಡು, ಆನು ನಿನ್ನೆಯೇ ಹೇಳಿದ್ದೆ" ಎಂದಳು.

ಹೊರಡುವ ಮೊದಲು ಅಕ್ಕ ನಾಗವೇಣಿಯನ್ನು ಕೇಳಿದಳು. "ಮಳೆಗಾಲದಲ್ಲಿ ಇದನ್ನೆಲ್ಲ ಎಂತ ಮಾಡ್ತ್ರಿ?"

"ಎಲ್ಲ ಬಿಚ್ಚಿ ಮಡಿಸಿ ಇಡೂದು ಅಮ್ಮ. ಮಳೆ ಹೋದ್ಮೇಲೆ ಮತ್ತೆ ಕಟ್ಟೂದು."

"ಬಿಚ್ಚುವಾಗ ಬೇಜಾರಾಗ್ತಿಲ್ಯ?"

"ಬೇಜಾರು ಮಾಡ್ಕಂಬೂಕೆ ಪುರಸೊತ್ತು ಎಲ್ಲಿ ಅದೆ? ಈ ದುಂಡಂದು ಮಡಿಸೂಕೇ ನಾಕ್ ಜನ ಬೇಕು."

ಅಕ್ಕ ನಕ್ಕಳು. ಬಗ್ಗಿ, ಇರುವೆ ತಿಂದು ಉಳಿಸಿದ್ದ ರಂಗೋಲಿಯನ್ನು ಒದ್ದೆ ಕೈಯಿಂದ ತಾನೇ ಒರೆಸಿದಳು. ಕಾರು ಹೊನ್ನಾವರದ ದಾರಿ ಹಿಡಿಯಿತು. ಆಮೇಲೆ, ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದಳು. "ಮಂಕಿಲಿ ಪ್ರತಿ ವರ್ಷ ಮಳೆಗೆ ಮೊದಲು ನಾವು ಅಂಗಳದ ಚಪ್ಪರ ಬಿಚ್ತಿದ್ಯ. ಯಾರಾದ್ರೂ ಅತ್ತಿದ್ದು ಇದ್ದಾ ತಮಾ?"

"ಇಲ್ಲೆ" ಎಂದೆ. ಚಪ್ಪರವೂ ಮನೆಯೂ ಒಂದೇ ಅಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು.

ಮನೆಗೆ ಬಂದು ಬಟ್ಟೆ ಬದಲಿಸುವಷ್ಟರಲ್ಲಿ ಅವಳ ಕೋಣೆಯಿಂದ ಕರೆ ಬಂತು. "ಮಂಚದ ಕೆಳಗಿಂದ ಅದನ್ನ ಎಳಿ." ಎಳೆದೆ. ಜಮಖಾನೆ ಬಿಚ್ಚಿದಾಗ ಹಳೆಯ ಅರಿಸಿನ ಕುಂಕುಮದ ಕಲೆ ಇನ್ನೂ ಅದರ ಮೈಮೇಲಿತ್ತು. ಇಬ್ಬರೂ ಸೇರಿ ಹೊತ್ತು ತಂದು ಬಾಗಿಲ ಹೊರಗೆ ಇಟ್ಟೆವು. ಎರಡು ಕಡೆಯೂ ಗೇಣುದ್ದ ಹೆಚ್ಚಾಯಿತು.

"ಬಾಡಿಗೆ ಮನೆ ಅಕ್ಕಾ, ಮಾಲೀಕರು ಎಂತ ಹೇಳ್ತ್ರೋ."

"ತೆಗಿ ಹೇಳಿದ್ರೆ ತೆಗದ್ರಾತು. ಇದೂ ಡೇರೆಯೇ ಅಲ್ದ?" ಎಂದು ಅಕ್ಕಿಹಿಟ್ಟಿಗಾಗಿ ಅಡುಗೆಮನೆಗೆ ನಡೆದಳು. ಶೈಲಾಳನ್ನು ಕೇಳಲಿಲ್ಲ, ಡಬ್ಬಿ ತಾನೇ ತೆಗೆದಳು. ಶೈಲಾ ನನ್ನ ಕಡೆ ನೋಡಿ ಕಣ್ಣರಳಿಸಿದಳು.

ಮಾಲೀಕರು ಭಟ್ಕಳದ ಸಾಹೇಬರು. ನೀರಿನ ಪಂಪು ನೋಡಲು ಬಂದವರು ಎಡವಿ ಬಾಗಿಲು ಹಿಡಿದುಕೊಂಡರು. ನಾನು ಕ್ಷಮೆ ಕೇಳುವುದರೊಳಗೆ ಅಕ್ಕ ಅವರನ್ನು ಅವರದೇ ಮನೆಯೊಳಗೆ ಕರೆದು ಕೂರಿಸಿ ಆಸರಿಗೆ ಎಂತ ಬೇಕೆಂದು ಕೇಳಿಯಾಗಿತ್ತು. ನೀರು ಬೆಲ್ಲ ಮುಗಿಸಿ ಅವರು ಹೊಸ್ತಿಲನ್ನು ಇನ್ನೊಮ್ಮೆ ನೋಡಿದರು. "ನಮ್ಮ ಹಳೇ ಮನೇದು ಇದಕ್ಕಿಂತ ಎತ್ತರ ಇತ್ತು ಅಕ್ಕೋರೆ, ಸಣ್ಣಿರುವಾಗ ಭಾಳ ಸಲ ಬಿದ್ದಿದ್ದೆ" ಎಂದರು. ತೆಗೆಯಿರಿ ಎನ್ನಲಿಲ್ಲ. ಬರುವಾಗ ಕಾಲು ಎತ್ತಿ ಇಡುವುದನ್ನು ಕಲಿತುಕೊಂಡರು. ನಾನೊಬ್ಬ ಕಲಿಯಲಿಲ್ಲ ನೋಡಿ.

ಬೆರಳು ಊದಿದೆ, ನೋವು ಮಾತ್ರ ತುಸು ಇಳಿದ ಹಾಗಿದೆ. ಪೇಪರು ಎತ್ತಿಕೊಳ್ಳುವಾಗ ಸದ್ದಾಯಿತೆಂದು ತೋರುತ್ತದೆ. ಒಳಗಿನಿಂದ ಅಕ್ಕನ ದನಿ ಬಂತು.

"ಯಾರು ಬಂದ್ರು? ಒಳಗೆ ಬನ್ನಿ, ಹೊರಗೇ ಕೂತ್ಕಂಡ್ರೆ ಹ್ಯಾಂಗೆ? ಆಸರಿಗೆ ಎಂತ ಬೇಕು?"

"ಬೇರೆ ಯಾರೂ ಅಲ್ಲ ಅಕ್ಕಾ, ನಾನೇ" ಎಂದೆ.

"ನೀನಾದ್ರೂ ಅಡ್ಡಿಲ್ಲೆ, ಬಾ" ಎಂದಳು.